ಗಾಡಿಯ ಹಿಂದೆ ನಡೆದವಳು

ಬಳ್ಳಾರಿ
12 ಫೆಬ್ರವರಿ 2023

ಪ್ರೀತಿಯ ಮುಕ್ತಿಯಾರ್,

ನನ್ನನ್ನು ಇಲ್ಲಿಗೆ ಸಾಗಿಸಿದ ಸುದ್ದಿ ವಕೀಲ ನರೇಂದ್ರರಿಂದ ನಿನಗೆ ಗೊತ್ತಾಗಿರಬೇಕು. ರಾಮನಗರದ ಜೈಲಿನಲ್ಲಿ ಜಾಗವಿಲ್ಲವಂತೆ. ದಾರಿಯುದ್ದಕ್ಕೂ ವ್ಯಾನಿನ ಜಾಲರಿಯಿಂದ ಹೊರಗೆ ನೋಡುತ್ತಿದ್ದೆ. ಇಲ್ಲಿಯ ಬಂಡೆಗಳು ನಮ್ಮ ರಾಮನಗರದ ಬಂಡೆಗಳಂತಲ್ಲ. ಯಾರೋ ಲಾರಿಯಿಂದ ಸುರಿದು ಹಾಗೇ ಬಿಟ್ಟು ಹೋದಂತಿವೆ. ಫೋನ್ ಮಾಡಲು ಬಿಡುತ್ತಾರೆ, ಆದರೆ ಹಿಂದೆ ಸಾಲು ನಿಂತಿರುತ್ತದೆ. ‘ಚೆನ್ನಾಗಿದ್ದೀರಾ, ಚೆನ್ನಾಗಿದ್ದೀನಿ’ ಅನ್ನುವಷ್ಟರಲ್ಲಿ ಮುಗಿಯುತ್ತದೆ. ಅದಕ್ಕೇ ಈ ಕಾಗದ.

ನಿನ್ನ ರೇಷ್ಮೆ ನೂಲಿನ ಶೆಡ್ಡಿನಲ್ಲಿ ಭಾನುವಾರ ನಾವೆಲ್ಲ ಸೇರಿ ಓದುತ್ತಿದ್ದೆವಲ್ಲ, ಅದು ನಿಲ್ಲಬಾರದು. ನಾನು ಬರೆದು ಕಳಿಸುತ್ತೇನೆ, ನೀನು ಎಲ್ಲರಿಗೂ ಓದಿ ಹೇಳು. ಬಾಬೆಫ್ ಎಂಬ ಫ್ರೆಂಚ್ ಮನುಷ್ಯನ ಕಥೆ ಇದು. ಪುಸ್ತಕ ಕೈಯಲ್ಲಿಲ್ಲ, ಎಂದೋ ಓದಿದ್ದನ್ನು ನೆನಪು ಮಾಡಿಕೊಂಡು ಬರೆಯುತ್ತಿದ್ದೇನೆ.

ಅವನು ಹುಟ್ಟಿದ್ದು ಇನ್ನೂರ ಅರವತ್ತು ವರ್ಷಗಳ ಹಿಂದೆ, ಪಿಕಾರ್ಡಿ ಎಂಬ ಸೀಮೆಯಲ್ಲಿ, ಬಡವರ ಮನೆಯಲ್ಲಿ. ಹೊಟ್ಟೆಪಾಡಿಗೆ ಹಿಡಿದ ಕೆಲಸ ಜಮೀನ್ದಾರರ ಹಳೆಯ ಭೂಮಿ ದಾಖಲೆಗಳನ್ನು ಹುಡುಕಿ ಒಪ್ಪ ಮಾಡಿಕೊಡುವುದು. ಯಾವ ರೈತ ಯಾವ ಕಾಣಿಕೆ ಕೊಡಬೇಕು, ಯಾವ ಹೊಲ ಯಾರಿಗೆ ಸೇರಬೇಕು, ಎಲ್ಲ ಅದರಲ್ಲಿ. ಧೂಳು ಹಿಡಿದ ಆ ಕಾಗದಗಳ ನಡುವೆ ಕೂತು ಓದುತ್ತ ಓದುತ್ತ ಅವನಿಗೆ ದೊಡ್ಡವರ ಜಮೀನು ದೊಡ್ಡದಾದ ಬಗೆ ತಿಳಿಯಿತು. ಮುಕ್ತಿಯಾರ್, ತಾಲ್ಲೂಕು ಕಚೇರಿ ಎದುರು ಇಪ್ಪತ್ತು ವರ್ಷ ಕ್ರಯಪತ್ರ ಬರೆದವನು ನಾನು.

ರೇಷ್ಮೆ ಮಿಲ್ಲಿನ ಆಫೀಸಿಗೆ ಬೆಂಕಿ ಬಿದ್ದ ದಿನ ನಾನು ಗೇಟಿನ ಬಳಿ ಕೆಲಸದವರ ಮುಂದೆ ಮಾತಾಡುತ್ತಿದ್ದೆ, ಅಷ್ಟೆ. ನನ್ನ ಮಾತೇ ಬೆಂಕಿ ಎಂದು ಪೊಲೀಸರು ಬರೆದುಕೊಂಡಿದ್ದಾರೆ. ಆಗಲಿ. ನಿನ್ನ ಅತ್ತಿಗೆ ವರಲಕ್ಷ್ಮಿಗೆ ಹೇಳು, ಇಲ್ಲಿ ಊಟ ಚೆನ್ನಾಗಿದೆ, ನಿದ್ದೆಯೂ ಬರುತ್ತದೆ.

ನಿನ್ನ
ಗಂಗರಾಜು


ರಾಮನಗರ
6 ಮಾರ್ಚ್ 2023

ಗಂಗಣ್ಣನಿಗೆ ಮುಕ್ತಿಯಾರ್ ಮಾಡುವ ಸಲಾಂ.

ನಿಮ್ಮ ಕಾಗದ ಬಂತು. ನಿನ್ನೆ ಭಾನುವಾರ ಗೂಡು ಬೇಯಿಸುವ ಬೇಸಿನ್‌ಗಳನ್ನೆಲ್ಲ ತೊಳೆದು, ಚಾಪೆ ಹಾಸಿ ಓದಿದೆವು. ಎಲ್ಲರೂ ಬಂದಿದ್ದರು. ಕನಕರಾಜು ಎಂದಿನಂತೆ ಗೋಡೆಗೆ ಒರಗಿ ಕೂತಿದ್ದ. ನಮ್ಮ ಮನೆಯವಳು ಅನೀಸಾ ಟೀ ಮಾಡಿದ್ದಳು. ನನ್ನ ಓದು ನಿಮ್ಮ ಓದಿನಂತಿಲ್ಲ, ಎರಡು ಕಡೆ ತಡವರಿಸಿದೆ. ಆದರೂ ಕೇಳಿದರು.

ಹಳೆಯ ಕಾಗದದಲ್ಲಿ ಸತ್ಯ ಕಂಡ ಭಾಗ ಎಲ್ಲರಿಗೂ ಹಿಡಿಸಿತು. ಒಬ್ಬರು ಮಾತ್ರ ಒಂದು ಪ್ರಶ್ನೆ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅವರ ಮಾತಿನಲ್ಲೇ ಬರೆಯುತ್ತೇನೆ: “ಅದೆಲ್ಲ ಸರಿ ಕಣಪ್ಪ, ಅವ್ನಿಗೆ ಮದ್ವೆ ಆಗಿತ್ತಾ? ಅವ್ನ ಹೆಂಡ್ರು ಏನ್ ಮಾಡ್ತಿದ್ಲು?”

ಗೂಡಿನ ದರ ಏರಿದೆ, ನೂಲಿನ ದರ ಅಲ್ಲೇ ಇದೆ. ಅತ್ತಿಗೆ ಕ್ಷೇಮ. ನೀವು ಯೋಚನೆ ಮಾಡಬೇಡಿ.

ಮುಕ್ತಿಯಾರ್


ಬಳ್ಳಾರಿ
19 ಮಾರ್ಚ್ 2023

ಪ್ರೀತಿಯ ಮುಕ್ತಿಯಾರ್,

ಎಲ್ಲರೂ ಬಂದಿದ್ದರು ಎಂಬ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ಆ ಚಾಪೆ, ಬಿಸಿನೀರಿನ ಆವಿ, ಗೂಡು ಬೆಂದ ವಾಸನೆ, ಎಲ್ಲ ಮೂಗಿಗೆ ಬಂತು. ಇಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಒಮ್ಮೊಮ್ಮೆ ನನ್ನ ಹೆಸರನ್ನು ನಾನೇ ಬಾಯಿಬಿಟ್ಟು ಹೇಳಿಕೊಳ್ಳುತ್ತೇನೆ, ಹೇಗೆ ಕೇಳಿಸುತ್ತದೆ ನೋಡೋಣ ಎಂದು.

ಹೆಂಡತಿಯ ಪ್ರಶ್ನೆ ಕೇಳಿದವನು ಕನಕರಾಜುವೇ ಇರಬೇಕು, ಅವನಿಗೆ ಯಾವಾಗಲೂ ಇಂಥದ್ದೇ. ಹೇಳು ಅವನಿಗೆ: ಮದುವೆಯಾಗಿತ್ತು. ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕಿದ್ದ ಹುಡುಗಿ, ಮರೀ ಎಂದು ಹೆಸರು. ಮುಂದಿನದು ಮುಖ್ಯ, ಅದನ್ನು ಗಮನವಿಟ್ಟು ಓದು.

ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ರಾಜನ ತಲೆ ಹೋಯಿತು. ಎಲ್ಲರೂ ಸಮಾನರು ಎಂದು ಸಾರಿದರು. ಆದರೆ ಪ್ಯಾರಿಸ್ಸಿನಲ್ಲಿ ರೊಟ್ಟಿ ಸಿಗಲಿಲ್ಲ. ಬಾಬೆಫ್ ಕೇಳಿದ್ದು ಇಷ್ಟೆ: ಕಾನೂನಿನಲ್ಲಿ ಸಮಾನರಾದರೆ ಹೊಟ್ಟೆ ತುಂಬುತ್ತದೆಯೇ? ಭೂಮಿ ಯಾರೊಬ್ಬನದೂ ಅಲ್ಲ, ಅದರ ಫಲ ಎಲ್ಲರದು ಎಂದ. ಪ್ರತಿಯೊಬ್ಬನೂ ತಾನು ಬೆಳೆದದ್ದನ್ನು, ಮಾಡಿದ್ದನ್ನು ಒಂದು ಸಾಮಾನ್ಯ ಉಗ್ರಾಣಕ್ಕೆ ತಂದು ಹಾಕಲಿ, ಅಲ್ಲಿಂದ ಎಲ್ಲರಿಗೂ ಸಮನಾಗಿ ಹಂಚಲಿ ಎಂದ. ಬಡವರಿಗೆ ಭೂಮಿ ಹಂಚಲು ಹೋಗಿ ಸತ್ತ ಹಳೆಯ ರೋಮಿನ ಅಣ್ಣತಮ್ಮಂದಿರಿದ್ದರು. ಅವರ ಹೆಸರನ್ನೇ ತನಗಿಟ್ಟುಕೊಂಡ, ಗ್ರಾಕಸ್ ಎಂದು. ಪತ್ರಿಕೆ ನಡೆಸಿದ. ಮತ್ತೆ ಮತ್ತೆ ಜೈಲು ಸೇರಿದ. ಅವನು ಒಳಗಿದ್ದಾಗ, ಆ ಬರಗಾಲದಲ್ಲಿ, ಅವನ ಪುಟ್ಟ ಮಗಳು ಹೊಟ್ಟೆಗಿಲ್ಲದೆ ಸತ್ತಳು. ಸುದ್ದಿ ಜೈಲಿಗೆ ಬಂತು. ಅವನು ಬಗ್ಗಲಿಲ್ಲ.

ನನ್ನ ಬೇಲಿನ ವಿಚಾರ ಕೋರ್ಟಿನಲ್ಲಿ ಇನ್ನೂ ನಡೆಯುತ್ತಿದೆ, ಏನೂ ಇತ್ಯರ್ಥವಾಗಿಲ್ಲ. ವರಲಕ್ಷ್ಮಿ ಯಾಕೆ ಒಂದು ಸಾಲೂ ಬರೆಯುವುದಿಲ್ಲ? ಏಳನೇ ಕ್ಲಾಸಿನವರೆಗೆ ಓದಿದವಳು, ಬರೆಯಲು ಬರುತ್ತದೆ.

ಗಂಗರಾಜು


ರಾಮನಗರ
16 ಏಪ್ರಿಲ್ 2023

ಗಂಗಣ್ಣನಿಗೆ ಸಲಾಂ.

ರಂಜಾನ್ ನಡೆಯುತ್ತಿದೆ, ಬರೆಯುವುದು ತಡವಾಯಿತು. ಉಪವಾಸವಿದ್ದುಕೊಂಡು ಮಗಳು ಹಸಿದು ಸತ್ತದ್ದನ್ನು ಓದುವುದು ಕಷ್ಟವಾಯಿತು. ಹೇಗೋ ಓದಿ ಮುಗಿಸಿದೆ. ಆಮೇಲೆ ಅವತ್ತಿನವರೇ ಮತ್ತೆ ಕೇಳಿದರು:

“ಮಗ್ಳು ಸತ್ತಾಗ ಅವ್ಳ ಪಕ್ಕದಲ್ಲಿ ಯಾರಿದ್ರು?”

“ಗೊತ್ತಿಲ್ಲ” ಅಂದೆ.

“ಅವ್ನು ಬಗ್ಗಲಿಲ್ಲ ಅಂತ ಬರ್ದವ್ರೆ. ಅವ್ಳು ಏನ್ ಮಾಡುದ್ಲು ಅಂತ ಕೇಳಿ ಬರಿ.”

ಇನ್ನೊಂದನ್ನೂ ಕೇಳಿದರು. ಕ್ರಾಂತಿ ಮಾಡಲು ಹೊರಟರಲ್ಲ, ಆಗ ಅರಮನೆ ಬಾಗಿಲಲ್ಲಿ ನಿಂತ ಕಾವಲಿನವನ ಗತಿ ಏನೆಂದು ಅವರು ಅಂದುಕೊಂಡಿದ್ದರು? ಅವನೂ ಬಡವನೇ ಅಲ್ಲವೇ? ಅಣ್ಣ, ಈ ಪ್ರಶ್ನೆ ಎಲ್ಲಿಂದ ಬಂತೆಂದು ನಿಮಗೆ ಗೊತ್ತು. ಮಿಲ್ಲಿನ ವಾಚ್‌ಮನ್ ಹುಚ್ಚಯ್ಯ ಹೋದ ತಿಂಗಳು ಆಸ್ಪತ್ರೆಯಿಂದ ಬಂದು ಮತ್ತೆ ಗೇಟಿನ ಕೆಲಸಕ್ಕೆ ಸೇರಿದ್ದಾನೆ. ಆ ಬೆಂಕಿಯಲ್ಲಿ ಸುಟ್ಟ ಎಡಗೈ ಮುಷ್ಟಿ ಹಿಡಿಯುವುದಿಲ್ಲ.

ಅತ್ತಿಗೆ ಕ್ಷೇಮ. ಅವರಿಗೆ ಒಸಿ ಕೆಲಸ ಜಾಸ್ತಿ, ಅದಕ್ಕೇ ಬರೆದಿಲ್ಲ.

ಮುಕ್ತಿಯಾರ್


ಬಳ್ಳಾರಿ
2 ಮೇ 2023

ಪ್ರೀತಿಯ ಮುಕ್ತಿಯಾರ್,

ಕೆಲಸ ಜಾಸ್ತಿ ಎಂದರೇನು? ನಾವಿರುವುದು ಇಬ್ಬರು, ಮಕ್ಕಳಿಲ್ಲ. ಈಗ ಮನೆಯಲ್ಲಿ ಅವಳೊಬ್ಬಳೇ. ಒಬ್ಬಳಿಗೆ ಎಷ್ಟು ಕೆಲಸ? ಬರೆಯಲು ಮನಸ್ಸಿಲ್ಲ ಎಂದು ಹೇಳಿದರೂ ನಾನು ತಾಳಿಕೊಳ್ಳುತ್ತೇನೆ.

ಹುಚ್ಚಯ್ಯನ ವಿಷಯ. ಬೆಂಕಿ ಹಚ್ಚಿ ಎಂದು ನಾನು ಹೇಳಲಿಲ್ಲ, ನೀನು ಅಲ್ಲೇ ಇದ್ದೆ. ದೊಡ್ಡ ಬದಲಾವಣೆಯ ಹಾದಿಯಲ್ಲಿ ಕೆಲವರಿಗೆ ನೋವಾಗುತ್ತದೆ. ಬಾಬೆಫ್‌ಗೂ ಇದು ತಿಳಿದಿತ್ತು. ಇದಕ್ಕಿಂತ ಹೆಚ್ಚು ನನಗೀಗ ಬರೆಯಲಾಗುವುದಿಲ್ಲ.

ಕಥೆಗೆ ಬರುತ್ತೇನೆ. ಬಾಬೆಫ್ ಮತ್ತು ಗೆಳೆಯರು ಗುಟ್ಟಾಗಿ ಒಂದು ಸಮಿತಿ ಮಾಡಿಕೊಂಡರು. ಪ್ಯಾರಿಸ್ಸಿನ ಜನರನ್ನೂ ಸೈನಿಕರನ್ನೂ ಎಬ್ಬಿಸಿ ಸರ್ಕಾರ ಕಿತ್ತುಹಾಕುವುದು, ಸಮಾನತೆಯನ್ನು ನಿಜ ಮಾಡುವುದು ಅವರ ಯೋಜನೆ. ಅವರ ನಡುವೆಯೇ ಇದ್ದ ಒಬ್ಬ ಸೈನ್ಯದವನು ಹೋಗಿ ಎಲ್ಲ ಹೇಳಿಬಿಟ್ಟ. ಒಂದು ಬೆಳಿಗ್ಗೆ ಎಲ್ಲರನ್ನೂ ಹಿಡಿದರು. ಪ್ಯಾರಿಸ್ಸಿನಲ್ಲಿ ವಿಚಾರಣೆ ಮಾಡಿದರೆ ಜನ ಸೇರುತ್ತಾರೆಂದು ಹೆದರಿ, ವಾಂಡೋಮ್ ಎಂಬ ದೂರದ ಊರಿಗೆ ಸಾಗಿಸಿದರು. ನನ್ನನ್ನು ಬಳ್ಳಾರಿಗೆ ತಂದ ಹಾಗೆ.

ನಿಮ್ಮ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಅವನ ಪತ್ರಿಕೆಯನ್ನು ಚಂದಾದಾರರಿಗೆ ಕಳಿಸುತ್ತಿದ್ದವಳು ಮರೀ. ಅವನು ತಲೆಮರೆಸಿಕೊಂಡಿದ್ದಾಗ ಎಲ್ಲಿದ್ದಾನೆ ಹೇಳು ಎಂದು ಅವಳನ್ನೂ ಜೈಲಿಗೆ ಹಾಕಿದ್ದರು, ಅವಳು ಹೇಳಲಿಲ್ಲ. ಈಗ ಕೈದಿಗಳನ್ನು ಕಬ್ಬಿಣದ ಸರಳಿನ ಗಾಡಿಗಳಲ್ಲಿ ಕೂಡಿಹಾಕಿ ಕರೆದೊಯ್ಯುವಾಗ ಅವಳು ಗಾಡಿಯ ಹಿಂದೆ ನಡೆದಳು. ತುಂಬಿದ ಬಸುರಿ. ಜೊತೆಗೆ ಕೈ ಹಿಡಿದು ದೊಡ್ಡ ಮಗ. ಊರಿಂದ ಊರಿಗೆ, ಧೂಳಿನಲ್ಲಿ, ಗಂಡನ ಮುಖ ಸರಳಿನ ಸಂದಿಯಲ್ಲಿ ಕಂಡರೆ ಸಾಕು ಎಂಬಂತೆ ನಡೆದಳು. ಇದನ್ನು ಬರೆದು ಪೆನ್ನು ಕೆಳಗಿಟ್ಟೆ. ಒಬ್ಬ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಜೊತೆ ಎಲ್ಲಿ ಸಿಕ್ಕೀತು?

ಇದನ್ನು ವರಲಕ್ಷ್ಮಿಗೂ ಓದಿ ಹೇಳು.

ಗಂಗರಾಜು


ರಾಮನಗರ
11 ಜೂನ್ 2023

ಗಂಗಣ್ಣ,

ನರೇಂದ್ರ ವಕೀಲರು ಮೊನ್ನೆ ಗೂಡಿನ ಮಾರ್ಕೆಟ್ ಹತ್ತಿರ ಸಿಕ್ಕರು. ಅಣ್ಣನ ಬೇಲು ಯಾವಾಗ ಆಗುತ್ತದೆ ಸಾರ್ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. “ಫೆಬ್ರವರಿಲೇ ಆಯ್ತಲ್ರೀ. ಅವರೇ ಬೇಡ ಅಂದ್ರು. ನಿಮಗೆ ಹೇಳಿಲ್ವಾ?” ಅಂದರು.

ಕೇಸು ಮುಗಿಯುವವರೆಗೆ ರಾಮನಗರ ತಾಲ್ಲೂಕಿಗೆ ಕಾಲಿಡಬಾರದು ಎಂಬ ಒಂದೇ ಷರತ್ತಂತೆ. ನೀವು ಒಪ್ಪಲಿಲ್ಲವಂತೆ. ಮನೆಗೆ ತಿಳಿಸಬೇಡಿ ಎಂದೂ ಹೇಳಿದ್ದೀರಂತೆ. ಅತ್ತಿಗೆ ಪ್ರತಿ ಶುಕ್ರವಾರ ಬಂದು “ಏನಾರ ಸುದ್ದಿ ಬಂತಾ ಮುಕ್ತಿಯಾರು?” ಎಂದು ಕೇಳುತ್ತಿದ್ದರು. ನಾನು “ಇಲ್ಲಕ್ಕ” ಅನ್ನುತ್ತಿದ್ದೆ.

ನಾನೂ ನಿಮಗೆ ನಿಜ ಬರೆದಿಲ್ಲ. ಆದರೆ ನಾನು ಬರೆಯದಿದ್ದದ್ದು ನಿಮಗೆ ನೋವಾಗಬಾರದು ಎಂದು. ಈಗ ಕೇಳಿ. ಭಾನುವಾರ ಯಾರೂ ಬರುವುದಿಲ್ಲ. ಮೊದಲನೇ ಸಲವೂ ಬರಲಿಲ್ಲ. ಕನಕರಾಜುವಿನ ಮನೆಗೆ ಕರೆಯಲು ಹೋದರೆ “ಬ್ಯಾಡ ಕಣಣ್ಣ, ನಂಗೂ ಕೇಸ್ ಹಾಕ್ಬುಟ್ರೆ?” ಅಂದ. ಈಗ ಚನ್ನಪಟ್ಟಣದಲ್ಲಿ ಬೊಂಬೆ ಕೆಲಸಕ್ಕೆ ಹೋಗುತ್ತಾನೆ, ಎದುರಿಗೆ ಸಿಕ್ಕರೆ ತಲೆ ತಗ್ಗಿಸುತ್ತಾನೆ. ಅನೀಸಾ ಮಾಡಿದ ಟೀ ಎಲ್ಲ ಆರಿತು. ನಾನು ಚಾಪೆ ಸುತ್ತಿಡುತ್ತಿದ್ದೆ. ಆಗ ಅತ್ತಿಗೆ ಬಂದರು. ಗೂಡಿನ ಬುಟ್ಟಿ ಬೋರಲು ಹಾಕಿಕೊಂಡು ಕೂತರು.

“ಓದು ಮುಕ್ತಿಯಾರು, ನಾನೊಬ್ಳು ಇದೀನಲ್ಲ” ಅಂದರು.

ಎಲ್ಲ ಕಾಗದವನ್ನೂ ಕೇಳಿದ್ದು ಅವರೊಬ್ಬರೇ. ಎಲ್ಲ ಪ್ರಶ್ನೆಯೂ ಅವರದೇ. ಗಾಡಿಯ ಹಿಂದೆ ನಡೆದವಳ ಭಾಗವನ್ನು ಅವರು ಇನ್ನೊಮ್ಮೆ ಓದಿಸಿದರು. ವಕೀಲರು ಹೇಳಿದ್ದನ್ನು ಅವತ್ತು ಸಂಜೆಯೇ ಹೋಗಿ ತಿಳಿಸಿದೆ. ಮುಚ್ಚಿಡಲು ನನ್ನಿಂದ ಆಗಲಿಲ್ಲ. ಅವರು ಅಳಲಿಲ್ಲ. ಬಾಗಿಲು ಹಾಕಿಕೊಂಡರು.

ಇನ್ನೊಂದಿದೆ. ಮಾರ್ಚಿನಿಂದ ಅವರು ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ಹೌದು, ಅದೇ ಮಿಲ್ಲು.

ಮುಕ್ತಿಯಾರ್


ಬಳ್ಳಾರಿ
25 ಜೂನ್ 2023

ಮುಕ್ತಿಯಾರ್,

ನಿನ್ನ ಕಾಗದ ಸಿಕ್ಕಿತು.

ರಾಮನಗರ ಬಿಟ್ಟರೆ ನಾನು ಯಾರು, ಹೇಳು. ಬೇರೆ ಯಾವುದೋ ಊರಿನಲ್ಲಿ ಯಾರಿಗೂ ಬೇಡದ ಒಬ್ಬ ವಯಸ್ಸಾದ ಮನುಷ್ಯ. ಷರತ್ತಿಗೆ ಒಪ್ಪಿದರೆ ತಪ್ಪು ಒಪ್ಪಿಕೊಂಡಂತೆ ಎಂದುಕೊಂಡೆ. ನೀವೆಲ್ಲ ಚಾಪೆಯ ಮೇಲೆ ಕೂತು ಕಾಯುತ್ತಿದ್ದೀರಿ, ನಾನು ಇಲ್ಲಿ ಗಟ್ಟಿಯಾಗಿದ್ದರೆ ಅಲ್ಲಿ ನೀವು ಗಟ್ಟಿಯಾಗಿರುತ್ತೀರಿ ಎಂದುಕೊಂಡೆ.

ಅದೇ ಮಿಲ್ಲಿಗೆ ಯಾಕೆ ಹೋದಳು? ಬೇರೆ ಕೆಲಸ ಇರಲಿಲ್ಲವೇ? ನೀನು ಯಾಕೆ ತಡೆಯಲಿಲ್ಲ?

ಕಥೆ ಇನ್ನು ಕಳಿಸುವುದಿಲ್ಲ.

ಗಂಗರಾಜು


ರಾಮನಗರ
23 ಜುಲೈ 2023

ನಮ್ಮ ಯಜಮಾನರಿಗೆ ವರಲಕ್ಷ್ಮಿ ಮಾಡುವ ನಮಸ್ಕಾರ.

ನಾನು ಕಾಗದ ಬರೆದು ಬಹಳ ವರ್ಷವಾಯಿತು, ಅಕ್ಷರ ನೆಟ್ಟಗಿಲ್ಲ. ಸಾವಧಾನವಾಗಿ ಓದಿ.

ಮಿಲ್ಲಿಗೆ ಯಾಕೆ ಹೋದಳು ಎಂದು ಕೇಳಿದ್ದೀರಂತೆ. ಮೂರು ಕಡೆ ಕೇಳಿದೆ. ಗಂಗರಾಜನ ಹೆಂಡತಿ ಎಂದು ತಿಳಿದ ಮೇಲೆ ಎಲ್ಲರೂ ಆಮೇಲೆ ಬಾ ಅಂದರು. ಮಿಲ್ಲಿನವರು ಮಾತ್ರ ಬಾ ಅಂದರು. ಯಾಕೆಂದು ನನಗೂ ಗೊತ್ತು. ನನ್ನನ್ನು ಒಳಗೆ ಕೂರಿಸಿದರೆ ಉಳಿದವರು ನೋಡಿ ಸುಮ್ಮನಾಗುತ್ತಾರೆ. ಗೊತ್ತಿದ್ದೇ ಹೋದೆ. ಬಿಸಿನೀರಿನಲ್ಲಿ ಬೆರಳೆಲ್ಲ ಬೆಳ್ಳಗಾಗಿವೆ, ಈ ಪೆನ್ನು ಜಾರುತ್ತದೆ.

ಮೊದಲ ವಾರ ಹೆಂಗಸರು ನನ್ನ ಜೊತೆ ಮಾತಾಡಲಿಲ್ಲ. ಊಟದ ಹೊತ್ತಿಗೆ ನಾನೊಬ್ಬಳೇ ಗೇಟಿನ ಹತ್ತಿರ ಕೂರುತ್ತಿದ್ದೆ. ಅಲ್ಲಿ ಹುಚ್ಚಯ್ಯ ಇರುತ್ತಾನೆ. ಅವನ ಡಬ್ಬಿಯ ಮುಚ್ಚಳ ಅವನ ಕೈಯಲ್ಲಿ ತೆಗೆಯಲಾಗುವುದಿಲ್ಲ. ನಾನು ತೆಗೆದುಕೊಟ್ಟೆ. ಅವನು ನಿಮ್ಮನ್ನು ಬೈಯಲಿಲ್ಲ. “ಅವ್ರು ಚೆನ್ನಾಗಿ ಮಾತಾಡ್ತಿದ್ರು ಕಣವ್ವ, ನಾನೂ ನಿಂತ್ಕಂಡು ಕೇಳ್ತಿದ್ದೆ. ಅದ್ಕೆಯ ಹಿಂದ್ಗಡೆ ಬೆಂಕಿ ಬಿದ್ದಿದ್ದು ಕಾಣ್ನಿಲ್ಲ” ಅಂದ. ನೀವು ಅವನ ಬಗ್ಗೆ ಒಂದು ಸಾಲು ಬರೆದು ಆಚೆ ಹೋದಿರಿ. ಆ ಸಾಲನ್ನು ಅವನಿಗೆ ಓದಿ ಹೇಳಬೇಡ ಎಂದು ಮುಕ್ತಿಯಾರಿಗೆ ಹೇಳಿದೆ.

ಆಮೇಲೆ ಹೆಂಗಸರು ಒಬ್ಬೊಬ್ಬರೇ ಬಂದು ಕೂತರು. ನಿಮ್ಮ ಬಾಬೆಫನ ಕಥೆ ಹೇಳಿದೆ. ಭಾನುವಾರ ಕೇಳಿದ್ದನ್ನು ಸೋಮವಾರ ಹೇಳುತ್ತಿದ್ದೆ. ಎಲ್ಲರದನ್ನೂ ಒಂದು ಕಡೆ ಹಾಕಿ ಹಂಚಿಕೊಳ್ಳುವ ಮಾತು ಅವರಿಗೆ ಬಹಳ ಹಿಡಿಸಿತು. ಹಿನಾ ಅನ್ನುವ ಹುಡುಗಿ, ಅಷ್ಟು ದೊಡ್ಡ ಉಗ್ರಾಣಕ್ಕೆ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿ ಎಲ್ಲರನ್ನೂ ನಗಿಸಿದಳು. ಅವನ ಮಗು ಸತ್ತದ್ದನ್ನು ಹೇಳಿದ ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ. ನಿಮಗೆ ಕೇಳುವವರಿಲ್ಲ ಎಂದು ಮುಕ್ತಿಯಾರು ಬರೆದಿದ್ದಾನಲ್ಲ, ಅದು ಪೂರ್ತಿ ನಿಜವಲ್ಲ. ಹದಿನೈದು ಜನ ಕೇಳುತ್ತಿದ್ದರು.

ಈಗ ಹೆಂಗಸರಿಗೆ ಬಸ್ಸು ಫ್ರೀ ಮಾಡಿದ್ದಾರೆ. ಬಳ್ಳಾರಿಗೆ ಬರಲು ಚಾರ್ಜಿಗಿಲ್ಲ ಎಂದು ಹೇಳುವ ಹಾಗಿಲ್ಲ. ಆದರೂ ನಾನು ಬರುವುದಿಲ್ಲ. ಗಾಡಿಯ ಹಿಂದೆ ನಡೆದ ಆ ಹೆಂಗಸಿನ ವಿಷಯ ಎಷ್ಟು ಚೆನ್ನಾಗಿ ಬರೆದಿದ್ದೀರಿ. ಕೇಳುತ್ತಾ ನನಗೂ ಬಳ್ಳಾರಿಗೆ ಹೊರಟುಬಿಡಬೇಕು ಅನ್ನಿಸಿತು, ಸೀರೆಯನ್ನೂ ಮಡಿಸಿಟ್ಟಿದ್ದೆ. ಆಮೇಲೆ ವಕೀಲರು ಹೇಳಿದ್ದು ತಿಳಿಯಿತು. ಅವನ ಗಾಡಿಗೆ ಬೀಗ ಹಾಕಿದ್ದರು. ನಿಮ್ಮದಕ್ಕೆ ಹಾಕಿರಲಿಲ್ಲ. ನೀವು ಇಳಿಯಬಹುದಿತ್ತು, ಇಳಿಯಲಿಲ್ಲ. ಒಳಗೆ ಕೂತರೆ ನೀವು ಗಂಗರಾಜು. ತಾಲ್ಲೂಕಿನಾಚೆ ಉಯ್ಯಂಬಳ್ಳಿಯಲ್ಲಿ ನಮ್ಮ ಅಣ್ಣನ ಮನೆಯಲ್ಲಿದ್ದರೆ ಕುರಿ ಹೊಡೆದುಕೊಂಡು ಹೋಗುವವರು. ಅದು ನಿಮಗೆ ಆಗಲಿಲ್ಲ. ನಾನು ಈ ಮನೆಯಲ್ಲಿ ಒಬ್ಬಳೇ ಉಣ್ಣುತ್ತೇನೆ, ಒಬ್ಬಳೇ ದೀಪ ಹಚ್ಚುತ್ತೇನೆ. ಅದು ನನಗೆ ಆಗುತ್ತದೆಯೋ ಇಲ್ಲವೋ ಎಂದು ನೀವು ಕೇಳಲಿಲ್ಲ.

ಕೋಪದಲ್ಲಿ ಬರೆಯುತ್ತಿಲ್ಲ. ಹೇಳಬೇಕಾದ್ದನ್ನು ಹೇಳಿದ್ದೇನೆ.

ಆ ಮರೀ ಎನ್ನುವವಳಿಗೆ ಆಮೇಲೆ ಏನಾಯಿತು ಎಂದು ಮಿಲ್ಲಿನವರು ಕೇಳುತ್ತಿದ್ದಾರೆ. ನನಗೆ ಗೊತ್ತಿಲ್ಲ ಎಂದಿದ್ದೇನೆ.

ವರಲಕ್ಷ್ಮಿ


ಕೆಂಪಾಪುರ, ಮಾಗಡಿ ತಾಲ್ಲೂಕು
15 ಅಕ್ಟೋಬರ್ 2023

ವರಲಕ್ಷ್ಮಿಗೆ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆದು ಬರೆದು ಹರಿದೆ. ಬರೆದದ್ದೆಲ್ಲ ಭಾಷಣವಾಗುತ್ತಿತ್ತು.

ನರೇಂದ್ರರಿಗೆ ಹೇಳಿ ಷರತ್ತಿಗೆ ಒಪ್ಪಿದೆ. ಹೊಸದಾಗಿ ಅರ್ಜಿ ಹಾಕಬೇಕಾಯಿತು, ತಡವಾಯಿತು. ಕಳೆದ ತಿಂಗಳು ಬಿಟ್ಟರು. ಗೇಟಿನ ಹೊರಗೆ ಯಾರೂ ಇರಲಿಲ್ಲ. ನಾನೇ ಯಾರಿಗೂ ತಿಳಿಸಿರಲಿಲ್ಲ. ಬಸ್ಸು ಹತ್ತಿ ಬೆಂಗಳೂರಿಗೆ ಬಂದು, ಅಲ್ಲಿಂದ ಮಾಗಡಿ ಬಸ್ಸು ಹಿಡಿದೆ. ಉಯ್ಯಂಬಳ್ಳಿಗೆ ಹೋಗುವ ಮುಖ ನನಗಿರಲಿಲ್ಲ. ಕೆಂಪಾಪುರದಲ್ಲಿ ಮುನಿಶಾಮಯ್ಯ ಎಂಬವರು ಕುರಿಹಟ್ಟಿಯ ಪಕ್ಕದ ಶೀಟಿನ ಕೋಣೆ ಕೊಟ್ಟಿದ್ದಾರೆ. ನಾನು ಯಾರು, ಏನು ಎಂದು ಅವರು ಕೇಳಲಿಲ್ಲ. ಬೆಳಿಗ್ಗೆ ಮಾಗಡಿಗೆ ಹೋಗಿ ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡುತ್ತೇನೆ. ಸಂಜೆ ವಾಪಸು ಬರುತ್ತೇನೆ. ಕುರಿಗಳ ಉಸಿರು ಗೋಡೆಯಾಚೆ ಕೇಳುತ್ತದೆ. ಮೊದಮೊದಲು ನಿದ್ದೆ ಬರುತ್ತಿರಲಿಲ್ಲ, ಈಗ ಆ ಸದ್ದು ಕೇಳಿದರೇ ನಿದ್ದೆ.

ಇಲ್ಲಿ ನಾನು ಯಾರೂ ಅಲ್ಲ. ನೀನು ಹೇಳಿದ್ದು ಸರಿ, ನನಗೆ ಅದರದೇ ಭಯವಿತ್ತು. ಜೈಲಿನಲ್ಲಿ ಒಬ್ಬನೇ ಇದ್ದೇನೆ ಅನ್ನಿಸುತ್ತಿತ್ತು, ಆದರೆ ಅಲ್ಲಿ ಆ ಒಂಟಿತನಕ್ಕೆ ಒಂದು ಕಾರಣವಿತ್ತು, ಒಂದು ಬೆಲೆಯಿತ್ತು. ಇಲ್ಲಿಯದಕ್ಕೆ ಏನೂ ಇಲ್ಲ. ಒಲೆ ಹಚ್ಚುತ್ತೇನೆ, ಮುದ್ದೆ ಗಂಟಾಗುತ್ತದೆ, ಹಾಗೇ ತಿನ್ನುತ್ತೇನೆ. ನೀನೂ ಇಷ್ಟು ತಿಂಗಳು ಹೀಗೇ ಒಬ್ಬಳೇ ಕೂತು ಉಂಡೆ ಎಂದು ಒಂದು ದಿನ ತಟ್ಟೆಯ ಮುಂದೆ ಹೊಳೆಯಿತು.

ಹುಚ್ಚಯ್ಯನಿಗೆ ಒಂದು ಕಾಗದ ಬರೆದಿದ್ದೇನೆ. ಮುಕ್ತಿಯಾರ್ ಓದಿ ಹೇಳುತ್ತಾನೆ. ಕ್ರಾಂತಿಯ ಮಾತು ಅದರಲ್ಲಿಲ್ಲ. ಕೈ ಹೇಗಿದೆ ಎಂದು ಮಾತ್ರ ಕೇಳಿದ್ದೇನೆ.

ಮಿಲ್ಲಿನವರ ಪ್ರಶ್ನೆಗೆ ಉತ್ತರ. ವಿಚಾರಣೆ ತಿಂಗಳುಗಟ್ಟಲೆ ನಡೆಯಿತು. ಅದೇ ಊರಿನಲ್ಲಿ ಮರೀ ಇನ್ನೊಂದು ಗಂಡು ಮಗು ಹೆತ್ತಳು. ಮರಣದಂಡನೆ ಎಂದು ಓದಿದ ಕೂಡಲೇ ಬಾಬೆಫ್ ಕೋರ್ಟಿನಲ್ಲೇ ಇರಿದುಕೊಂಡ, ಸಾಯಲಿಲ್ಲ. ಮಾರನೆಯ ದಿನ ಗಾಯದ ಮೈಯಲ್ಲೇ ಕರೆದೊಯ್ದು ತಲೆ ತೆಗೆದರು. ಮೂವತ್ತಾರು ವರ್ಷ ಅವನಿಗೆ. ಅವನ ಮಾತುಗಳನ್ನು ಆಮೇಲೆ ಬಹಳ ಜನ ಹೇಳಿದರು, ಇನ್ನೂ ಹೇಳುತ್ತಾರೆ. ಮರೀ ಬದುಕಿದಳು. ಪ್ಯಾರಿಸ್ಸಿನಲ್ಲಿ ಹಳೆಬಟ್ಟೆ ಮಾರಿಕೊಂಡು ಮಕ್ಕಳನ್ನು ಸಾಕಿದಳು ಎಂದು ಓದಿದ ನೆನಪು. ಅವಳ ಬಗ್ಗೆ ನನಗೆ ಇಷ್ಟೇ ಗೊತ್ತು. ಅವಳೇನು ಯೋಚಿಸಿದಳು ಎಂದು ಯಾರೂ ಕೇಳಿಟ್ಟುಕೊಂಡ ಹಾಗೆ ಕಾಣುವುದಿಲ್ಲ.

ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ಎತ್ತುತ್ತೀಯ, ಎತ್ತಿ ಸುಮ್ಮನಿರುತ್ತೀಯ. ಆ ಮೌನ ತಡೆಯಲು ಆಗುವುದಿಲ್ಲವೆಂದು ಕಾಗದ ಬರೆದೆ. ನಾನು ರಾಮನಗರಕ್ಕೆ ಬರುವ ಹಾಗಿಲ್ಲ. ನೀನು ಬಾ ಎಂದು ಕರೆಯುವ ಹಕ್ಕೂ ಉಳಿದಿಲ್ಲ. ನಾನೆಲ್ಲಿದ್ದೇನೆಂದು ನಿನಗೆ ತಿಳಿದಿರಲಿ, ಅಷ್ಟೆ.

ಗಂಗರಾಜು


ರಾಮನಗರ
26 ಅಕ್ಟೋಬರ್ 2023

ನಿಮ್ಮ ಕಾಗದ ಮಿಲ್ಲಿನಲ್ಲಿ ಓದಿದೆ, ಮರೀ ವಿಷಯ ಇರುವಷ್ಟು ಮಾತ್ರ. ಉಳಿದದ್ದು ಮನೆಯಲ್ಲಿ.

ಭಾನುವಾರ ಮಾಗಡಿ ಬಸ್ಸಿಗೆ ಬತ್ತೀನಿ. ಸಂಜೆ ಬಸ್ಸಿಗೆ ವಾಪಸ್ ಹೋಯ್ತೀನಿ, ಸೋಮವಾರ ಕೆಲಸ ಐತೆ. ಅಡುಗೆ ನೀವೇ ಮಾಡಿ. ಮುದ್ದೆ ಗಂಟಾದ್ರೂ ಪರವಾಗಿಲ್ಲ.

ವರಲಕ್ಷ್ಮಿ